ಚಿಯಾಂಗ್ ಮಾಯ್‌ನಲ್ಲಿ ಬಸ್ಸಿಲ್ಲದೆ ಓಡಾಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಥಾಯ್ಲೆಂಡ್‌ನ ಚಿಯಾಂಗ್ ಮಾಯ್‌ನಲ್ಲಿ ಒಂದಷ್ಟು ವಾರ ಇದ್ದು ಬಂದೆ. ಬಂದ ಮೇಲೆ ಮನೆಯವರು, ಆಫೀಸಿನವರು, ಅವರ ಭಾವಮೈದುನರು, ಎಲ್ಲರೂ ಕೇಳುವುದು ಅವೇ ಪ್ರಶ್ನೆಗಳು. ಒಬ್ಬೊಬ್ಬರಿಗೂ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿ ಇಲ್ಲಿ ಬರೆದು ಹಾಕುತ್ತಿದ್ದೇನೆ. ರೇಟುಗಳೆಲ್ಲ ಬಾತ್‌ನಲ್ಲಿವೆ. ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಅಂತ ಹಿಡಿದುಕೊಳ್ಳಿ.

ಅಷ್ಟು ದೊಡ್ಡ ಊರು, ನಿಜವಾಗಿಯೂ ಬಸ್ಸು ಮೆಟ್ರೊ ಏನೂ ಇಲ್ವಾ?

ಮೆಟ್ರೊ ಇಲ್ಲ. ಬ್ಯಾಂಕಾಕ್‌ನಲ್ಲಿ 1999ರಿಂದಲೇ ತಲೆಯ ಮೇಲೆ ರೈಲು ಓಡುತ್ತಿದೆ, ಅದನ್ನು ನೋಡಿಕೊಂಡು ಇಲ್ಲಿಗೆ ಬಂದವರಿಗೆ ಮೊದಲ ದಿನ ಸ್ವಲ್ಪ ಕಸಿವಿಸಿ ಆಗುತ್ತದೆ. ಚಿಯಾಂಗ್ ಮಾಯ್‌ಗೂ ಲೈಟ್ ರೈಲು ತರುವ ಮಾತು ವರ್ಷಗಳಿಂದ ಇದೆ, ಮಾತಿನಲ್ಲೇ ಇದೆ. ಸಿಟಿ ಬಸ್ಸು 2018ರಲ್ಲಿ ಶುರುವಾಗಿತ್ತು, ಏರ್‌ಪೋರ್ಟ್‌ನಿಂದ ಊರೊಳಕ್ಕೆ 20 ಬಾತ್, ಎಸಿ ಬೇರೆ. ಕೋವಿಡ್ ಬಂದಾಗ ನಿಂತಿತು. ಆಮೇಲೆ ರೂಟು, ರೇಟು ಎಲ್ಲ ಬದಲಾಗುತ್ತಲೇ ಇವೆ. ಎದುರಿಗೆ ಬಂದರೆ ಹತ್ತಿ, ಅದನ್ನೇ ನಂಬಿಕೊಂಡು ಪ್ಲಾನ್ ಮಾಡಬೇಡಿ.

ಇಲ್ಲಿ ಬಸ್ಸಿನ ಕೆಲಸ ಮಾಡುವುದು ಕೆಂಪು ಗಾಡಿ.

ಆ ಕೆಂಪು ಗಾಡಿ ಅಂದ್ರೆ ಏನು?

ಪಿಕಪ್ ಗಾಡಿ. ಹಿಂದಿನ ಡಬ್ಬಕ್ಕೆ ಮೇಲ್ಛಾವಣಿ ಹಾಕಿ, ಒಳಗೆ ಎದುರುಬದುರು ಎರಡು ಬೆಂಚು ಜೋಡಿಸಿರುತ್ತಾರೆ. ನಮ್ಮ ಕಡೆ ಹಳ್ಳಿ ರೂಟಿನಲ್ಲಿ ಓಡುವ ಟೆಂಪೊ ನೋಡಿದ್ದೀರಲ್ಲ, ಅದರ ತಮ್ಮ ಅನ್ನಿ. ಹೆಸರು ಸೊಂಗ್‌ಥೇವ್. ಸೊಂಗ್ ಅಂದರೆ ಎರಡು, ಥೇವ್ ಅಂದರೆ ಸಾಲು. ಊರೊಳಗೆ ಓಡುವವು ಕೆಂಪು ಬಣ್ಣದವು, ಅವನ್ನು ಊರಿನವರು ರೊತ್ ದೇಂಗ್ ಅನ್ನುತ್ತಾರೆ, ಅಂದರೆ ಕೆಂಪು ಗಾಡಿ ಅಂತಲೇ.

ಇದಕ್ಕೆ ನಂಬರ್ ಇಲ್ಲ, ಟೈಮ್ ಟೇಬಲ್ ಇಲ್ಲ, ಊರೊಳಗೆ ಖಾಯಂ ರೂಟೂ ಇಲ್ಲ. ಒಳಗಿರುವ ಜನ ಎಲ್ಲಿಗೆ ಹೋಗಬೇಕೋ ಅದೇ ಅದರ ರೂಟು. ಬಸ್ಸು ಅಂತ ನೋಡಿದರೆ ತಲೆ ಕೆಡುತ್ತದೆ. ಶೇರ್ ಆಟೊ ಅಂತ ನೋಡಿ, ಆಗ ಎಲ್ಲ ಸರಿಹೋಗುತ್ತದೆ.

ಹತ್ತೋದು ಹೇಗೆ? ದುಡ್ಡು ಯಾವಾಗ ಕೊಡಬೇಕು?

ರಸ್ತೆ ಪಕ್ಕ ನಿಂತು ಕೈ ತೋರಿಸಿ. ನಿಲ್ಲುತ್ತದೆ. ಎಡಗಡೆ ಕಿಟಕಿಯಿಂದ ಡ್ರೈವರ್‌ಗೆ ಜಾಗದ ಹೆಸರು ಹೇಳಿ, ಅಷ್ಟೇ. ಅವರ ದಾರಿಯಲ್ಲಿದ್ದರೆ ತಲೆಯಾಡಿಸಿ ಹಿಂದೆ ತೋರಿಸುತ್ತಾರೆ, ಇಲ್ಲದಿದ್ದರೆ ಕೈಯಾಡಿಸಿ ಹೊರಟುಬಿಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಎರಡು ನಿಮಿಷದಲ್ಲಿ ಇನ್ನೊಂದು ಬರುತ್ತದೆ. ಇಳಿಯುವ ಜಾಗ ಬಂದಾಗ ಛಾವಣಿಯಲ್ಲಿರುವ ಗುಂಡಿ ಒತ್ತಿ, ಇಳಿದು ಮುಂದೆ ಹೋಗಿ ಕಿಟಕಿಯಲ್ಲಿ ದುಡ್ಡು ಕೊಡಿ.

ಒಂದು ಎಚ್ಚರಿಕೆ. ನಮ್ಮ ಹಾಗೆ ತಲೆಯನ್ನು ಅಕ್ಕಪಕ್ಕ ವಾಲಿಸಿ "ಹ್ಞೂಂ" ಅನ್ನಬೇಡಿ. ನಾನು ಮೊದಲ ದಿನ ಡ್ರೈವರ್ ಕೇಳಿದ್ದಕ್ಕೆ ಹಾಗೇ ತಲೆ ವಾಲಿಸಿದೆ. ಅವರು "ಬೇಡ ಅಂತೆ" ಅಂದುಕೊಂಡು ಹೊರಟೇ ಹೋದರು. ಮೇಲೆ ಕೆಳಗೆ ಆಡಿಸಿ.

ರೇಟು ಎಷ್ಟು? ಚೌಕಾಸಿ ಮಾಡಬೇಕಾ?

ಹಳೇ ಊರು ಮತ್ತು ಅದರ ಸುತ್ತಮುತ್ತ ಶೇರ್‌ನಲ್ಲಿ ಹೋದರೆ ತಲೆಗೆ 30 ಬಾತ್. ಸ್ವಲ್ಪ ದೂರ ಅಂದರೆ 40, 50 ಕೇಳುತ್ತಾರೆ.

ಇಲ್ಲಿ ಗೊತ್ತಿರಬೇಕಾದ ಮಾತು ಒಂದಿದೆ, "ಮಾವ್". ಅಂದರೆ ಇಡೀ ಗಾಡಿ ನಿಮಗೇ ಬಾಡಿಗೆಗೆ. ನೀವು ಹೋಗಿ "ಎಷ್ಟು? ಎಷ್ಟು?" ಅಂತ ಶುರು ಮಾಡಿದ ಕೂಡಲೇ ಡ್ರೈವರ್ "ಓಹೋ, ಇವರಿಗೆ ಪೂರ್ತಿ ಗಾಡಿ ಬೇಕು" ಅಂತ ತಿಳಿದುಕೊಂಡು 150, 200 ಅನ್ನಬಹುದು. ನಮಗದು ಮೋಸ ಅನ್ನಿಸುತ್ತದೆ, ಅವರ ಲೆಕ್ಕದಲ್ಲಿ ಅದು ಬೇರೆ ಸೇವೆಯ ಬೇರೆ ರೇಟು. ಅದಕ್ಕೇ ಊರೊಳಗಿನ ಓಡಾಟಕ್ಕೆ ರೇಟನ್ನೇ ಕೇಳಬೇಡಿ. ಹೆಸರು ಹೇಳಿ, ಹತ್ತಿ, ಇಳಿದು 30 ಕೊಡಿ. ದೂರದ ಜಾಗಕ್ಕೆ ಮಾತ್ರ ಹತ್ತುವ ಮೊದಲೇ ಕೇಳಿಕೊಳ್ಳಿ: "ಪಾಯ್ ... ಥಾವ್ ರಾಯ್?" ಅಂದರೆ "ಇಂಥಾ ಕಡೆಗೆ ಎಷ್ಟು?" ಕೊನೆಗೆ ಗಂಡಸರು "ಖ್ರಾಪ್", ಹೆಂಗಸರು "ಖಾ" ಸೇರಿಸಿದರೆ ಮರ್ಯಾದೆ. ಸಾಮ್ ಸಿಪ್ ಅಂದರೆ 30, ಸೀ ಸಿಪ್ 40, ಹಾ ಸಿಪ್ 50. ಇಷ್ಟು ಬಂದರೆ ಸಾಕು.

ಚಿಲ್ಲರೆ ಇಟ್ಟುಕೊಳ್ಳಿ. 1000 ಬಾತ್ ನೋಟು ತೋರಿಸಿದರೆ ನಮ್ಮ ಆಟೊದವರು 500 ನೋಟಿಗೆ ಮಾಡುವ ಮುಖವನ್ನೇ ಅವರೂ ಮಾಡುತ್ತಾರೆ. ಸೆವೆನ್ ಇಲೆವೆನ್‌ಗೆ ಹೋಗಿ ಒಂದು ನೀರಿನ ಬಾಟಲಿ ತಗೊಂಡು ಮುರಿಸಿಕೊಳ್ಳಿ.

ಒಳಗೆ ಕೂತರೆ ಸುತ್ತಿಸಿ ಸುತ್ತಿಸಿ ಕರೆದುಕೊಂಡು ಹೋಗ್ತಾರಂತೆ?

ಹೌದು, ಸುತ್ತುತ್ತಾರೆ. ಬೇಕಂತಲೇ ಅಲ್ಲ. ನಾನೊಮ್ಮೆ ಥಾ ಪೇ ಗೇಟ್‌ನಿಂದ ವಾರೊರೋಟ್ ಮಾರ್ಕೆಟ್‌ಗೆ ಹತ್ತಿದೆ. ನಡೆದರೂ ಇಪ್ಪತ್ತೇ ನಿಮಿಷದ ದಾರಿ, ಬಿಸಿಲು ಅಂತ ಹತ್ತಿದ್ದು. ಒಳಗೆ ಕೊತ್ತಂಬರಿ ಕಂತೆ, ಬದನೆಕಾಯಿ ತುಂಬಿದ ಚೀಲ ಕಾಲ ನಡುವೆ ಇಟ್ಟುಕೊಂಡ ಒಬ್ಬ ಅಜ್ಜಿ, ಯೂನಿಫಾರ್ಮ್ ಹಾಕಿದ ಇಬ್ಬರು ಮಕ್ಕಳು. ಗಾಡಿ ಮೊದಲು ಮಕ್ಕಳನ್ನು ಇಳಿಸಲು ಯಾವುದೋ ಗಲ್ಲಿಗೆ ಹೋಯಿತು. ಗಲ್ಲಿಗೆ ಅಲ್ಲಿ ಸೊಯ್ ಅನ್ನುತ್ತಾರೆ. ಆಮೇಲೆ ಅಜ್ಜಿಯ ಮನೆ. ಡ್ರೈವರ್ ಇಳಿದು ಬಂದು ಚೀಲವನ್ನು ಬಾಗಿಲ ತನಕ ಇಟ್ಟುಬಂದರು. ನಾನು ನಡುವೆ ಗಾಬರಿಯಾಗಿ ಗುಂಡಿ ಒತ್ತಿಬಿಟ್ಟಿದ್ದೆ. ಅಜ್ಜಿ ನಗುತ್ತಾ ನನ್ನ ಕೈ ಹಿಡಿದು ಕೂರಿಸಿ "ವಾರೊರೋಟ್, ವಾರೊರೋಟ್" ಅಂತ ಮುಂದಕ್ಕೆ ಕೈ ತೋರಿಸಿದರು. ಮೂವತ್ತೈದು ನಿಮಿಷ ಆಯಿತು, 30 ಬಾತ್ ಕೊಟ್ಟೆ. ಟೈಮಿಗೆ ಸರಿಯಾಗಿ ತಲುಪಬೇಕಾದ ದಿನ, ವಿಮಾನ ಹಿಡಿಯುವ ದಿನ ಇದನ್ನು ಹತ್ತಬೇಡಿ. ಉಳಿದ ದಿನ ಸುಮ್ನೆ ಕೂತುಕೊಂಡು ನೋಡಿ.

ಗ್ರಾಬ್, ಬೋಲ್ಟ್ ಇದೆಯಲ್ಲ, ಅದೇ ಸಾಕಲ್ವಾ?

ಇವು ನಮ್ಮ ಓಲಾ, ಊಬರ್ ಥರದ ಕ್ಯಾಬ್ ಆ್ಯಪ್‌ಗಳು. ಇಬ್ಬರು ಮೂವರು ಇದ್ದರೆ ಸಾಕು. ಎಸಿ ಇದೆ, ರೇಟು ಮೊದಲೇ ಗೊತ್ತಾಗುತ್ತದೆ, ಕ್ಯಾಶ್ ಕೊಡಬಹುದು. ಗ್ರಾಬ್‌ನಲ್ಲಿ ಗಾಡಿ ಬೇಗ ಸಿಗುತ್ತದೆ, ಬೋಲ್ಟ್ ಸಾಮಾನ್ಯವಾಗಿ ಸ್ವಲ್ಪ ಅಗ್ಗ. ಎರಡೂ ಹಾಕಿಕೊಂಡು ಹೋಗಿ, ಊರಲ್ಲೇ ನಿಮ್ಮ ನಂಬರಿಗೆ ಓಟಿಪಿ ತರಿಸಿಕೊಂಡು ಅಕೌಂಟ್ ಮಾಡಿಟ್ಟುಕೊಳ್ಳಿ. ಅಲ್ಲಿ ಇಳಿದ ಮೇಲೆ ಓಟಿಪಿಗಾಗಿ ಪರದಾಡುವ ಕಥೆ ಬೇಡ.

ತೊಂದರೆ ಎರಡೇ. ಮಳೆ ಬಂದಾಗ ರೇಟು ಏರುತ್ತದೆ, ಇದು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಇನ್ನೊಂದು, ಊರಾಚೆ ಗುಡ್ಡದ ಕಡೆ ಹೋಗುವಾಗ ಗಾಡಿ ಸಿಗುತ್ತದೆ, ವಾಪಸ್ ಬರುವಾಗ ಸಿಗುವುದಿಲ್ಲ. ಅಂಥ ಕಡೆಗೆ ಹೋಗುವುದಾದರೆ ಹೋದ ಡ್ರೈವರ್‌ನನ್ನೇ ಕಾಯಲು ಹೇಳಿ ಮಾತಾಡಿಕೊಳ್ಳಿ.

ಕಂದಕದ ಸುತ್ತ ಒನ್ ವೇ ಅಂತೆ, ತಲೆ ತಿರುಗುತ್ತೆ ಅಂತಾರೆ?

ಇದು ಅರ್ಥವಾದರೆ ಅರ್ಧ ಊರು ಅರ್ಥವಾದಂತೆ. ಹಳೇ ಊರನ್ನು 1296ರಲ್ಲಿ ರಾಜ ಮೆಂಗ್ರಾಯ್ ಕಟ್ಟಿಸಿದ್ದು. ಚೌಕಾಕಾರ, ಒಂದೊಂದು ಬದಿ ಸುಮಾರು ಒಂದೂವರೆ ಕಿಲೋಮೀಟರ್, ಸುತ್ತ ನೀರಿನ ಕಂದಕ. ಕಂದಕದ ಹೊರಗಿನ ರಸ್ತೆಯಲ್ಲಿ ಗಾಡಿಗಳು ಗಡಿಯಾರದ ಮುಳ್ಳಿನಂತೆ, ಅಂದರೆ ಪ್ರದಕ್ಷಿಣೆ ಹಾಕುತ್ತವೆ. ಒಳಗಿನ ರಸ್ತೆಯಲ್ಲಿ ಅಪ್ರದಕ್ಷಿಣೆ. ಹಾಗೇ ನೆನಪಿಟ್ಟುಕೊಳ್ಳಿ, ಮರೆಯುವುದಿಲ್ಲ.

ಉಪಯೋಗ ಏನು ಅಂದರೆ, ಪೂರ್ವದ ಥಾ ಪೇ ಗೇಟ್ ಹತ್ತಿರ ಇದ್ದೀರಿ, ಉತ್ತರದ ಚಾಂಗ್ ಪುಯಕ್ ಗೇಟ್ ಕಡೆ ಹೋಗಬೇಕು ಅಂತಿಟ್ಟುಕೊಳ್ಳಿ. ಕಂದಕದ ಒಳಗಿನ ರಸ್ತೆಯಲ್ಲಿ ನಿಲ್ಲಿ. ದಕ್ಷಿಣದ ಚಿಯಾಂಗ್ ಮಾಯ್ ಗೇಟ್ ಕಡೆಗಾದರೆ ಹೊರಗಿನ ರಸ್ತೆಯಲ್ಲಿ ನಿಲ್ಲಿ. ತಪ್ಪಾದ ಬದಿಯಲ್ಲಿ ನಿಂತು ಆ್ಯಪ್‌ನಲ್ಲಿ ಬುಕ್ ಮಾಡಿದರೆ ಗಾಡಿ ದೂರ ಹೋಗಿ ತಿರುಗಿಸಿಕೊಂಡು ಬರಬೇಕು, ದುಡ್ಡೂ ಜಾಸ್ತಿ, ಟೈಮೂ ಜಾಸ್ತಿ. ಕಾಲುನಡಿಗೆಯಲ್ಲಿ ಕಂದಕ ದಾಟಿ ಆಚೆ ಬದಿಗೆ ಹೋಗಲು ಎರಡು ನಿಮಿಷ.

ಹಾಗಾದರೆ ರೂಮು ಎಲ್ಲಿ ಮಾಡೋದು?

ಎಲ್ಲರೂ ಕೊನೆಗೆ ಕೇಳುವ ಈ ಪ್ರಶ್ನೆಯನ್ನು ಮೊದಲು ಕೇಳಬೇಕಿತ್ತು. ಬಸ್ಸಿಲ್ಲದ ಊರಿನಲ್ಲಿ ರೂಮು ಎಲ್ಲಿದೆ ಅನ್ನುವುದೇ ಅರ್ಧ ಸಾರಿಗೆ. ಐದು ಕಿಲೋಮೀಟರ್ ಆಚೆ ಈಜುಕೊಳ ಇರುವ ಚಂದದ ರೆಸಾರ್ಟ್ ಅಗ್ಗಕ್ಕೆ ಸಿಗುತ್ತದೆ. ಆಮೇಲೆ ಕಾಫಿ ಕುಡಿಯಲೂ ಕ್ಯಾಬ್ ಕರೆಯಬೇಕು. ಆ ಉಳಿತಾಯ ಮೂರು ದಿನದಲ್ಲಿ ಕರಗುತ್ತದೆ.

ಮೂರ್ನಾಲ್ಕು ದಿನಕ್ಕೆ ಹೋಗುವವರು ಹಳೇ ಊರಿನ ಒಳಗೆ, ಥಾ ಪೇ ಗೇಟ್ ಕಡೆಗೆ ಉಳಿದುಕೊಳ್ಳಿ. ದೇವಸ್ಥಾನ, ಊಟ, ಭಾನುವಾರದ ಸಂತೆ ಎಲ್ಲ ನಡಿಗೆಯಲ್ಲೇ ಮುಗಿಯುತ್ತದೆ. ಆನೆ ನೋಡುವ ಟೂರು, ಅಡುಗೆ ಕ್ಲಾಸು ಇಂಥವರು ಹೆಚ್ಚಾಗಿ ಹಳೇ ಊರಿನ ಹೋಟೆಲ್‌ಗೆ ಅವರೇ ಬಂದು ಕರೆದುಕೊಂಡು ಹೋಗಿ ವಾಪಸ್ ಬಿಡುತ್ತಾರೆ, ಇದು ದೊಡ್ಡ ಅನುಕೂಲ. ಲ್ಯಾಪ್‌ಟಾಪ್ ಹಿಡಿದು ತಿಂಗಳುಗಟ್ಟಲೆ ಕೂರುವವರು ಪಶ್ಚಿಮದ ನಿಮ್ಮಾನ್ ಕಡೆ ಹೋಗುತ್ತಾರೆ. ಕೆಫೆ, ಮಾಲ್ ಎಲ್ಲ ಕಾಲಬುಡದಲ್ಲಿ. ನನಗೇನೋ ಹಳೇ ಊರೇ ಇಷ್ಟವಾಯಿತು.

ನಡೆಯೋಕೆ ಆಗುತ್ತಾ?

ಹಳೇ ಊರಿನೊಳಗೆ ಆರಾಮಾಗಿ. ಒಂದು ಬದಿಯಿಂದ ಇನ್ನೊಂದಕ್ಕೆ ಇಪ್ಪತ್ತೈದು ನಿಮಿಷ. ಫುಟ್‌ಪಾತ್ ಮಾತ್ರ ನಮ್ಮೂರಿನದರ ಹಾಗೇ, ಕಂಬ, ಗಾಡಿ ಅಂಗಡಿ, ನಿಲ್ಲಿಸಿದ ಸ್ಕೂಟರ್. ಸೈಕಲ್ ಬಾಡಿಗೆಗೆ ಸಿಗುತ್ತದೆ, ಒಳಗಿನ ಗಲ್ಲಿಗಳು ಮಟ್ಟಸ, ಬೆಳಿಗ್ಗೆ ಏಳರೊಳಗೆ ಹೊರಟರೆ ಸ್ವರ್ಗ. ಫೆಬ್ರವರಿ ಕೊನೆಯಿಂದ ಏಪ್ರಿಲ್ ತನಕ ಮಾತ್ರ ನಡಿಗೆಯೂ ಬೇಡ, ಸೈಕಲ್ಲೂ ಬೇಡ. ಸುತ್ತಲಿನ ಗದ್ದೆ, ಕಾಡಿಗೆ ಬೆಂಕಿ ಹಚ್ಚುವ ಕಾಲ ಅದು. ಬೆಟ್ಟಗಳ ನಡುವಿನ ಬಟ್ಟಲಿನಂಥ ಊರು, ಹೊಗೆ ಹೋಗಲು ದಾರಿಯಿಲ್ಲ. ಪಿಎಂ 2.5, ಅಂದರೆ ಗಾಳಿಯಲ್ಲಿರುವ ಸೂಕ್ಷ್ಮ ದೂಳು, ಎಷ್ಟಿದೆ ನೋಡಿಕೊಂಡೇ ಹೊರಡಿ.

ಸ್ಕೂಟರ್ ಬಾಡಿಗೆಗೆ ತಗೊಳ್ಳಬಹುದಾ? ನನ್ನ ಹತ್ತಿರ ಇಂಡಿಯಾ ಲೈಸೆನ್ಸ್ ಇದೆ.

125 ಸಿಸಿ ಸ್ಕೂಟರ್ ದಿನಕ್ಕೆ 200ರಿಂದ 300 ಬಾತ್. ಅಂಗಡಿಯವರು ಯಾವ ಲೈಸೆನ್ಸೂ ಕೇಳದೆ ಕೀಲಿ ಕೊಡುತ್ತಾರೆ. ಕೊಟ್ಟರು ಅಂದರೆ ಕಾನೂನು ಒಪ್ಪಿತು ಅಂತಲ್ಲ. ನಮ್ಮ ಲೈಸೆನ್ಸ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಊರಲ್ಲೇ ಆರ್‌ಟಿಒದಲ್ಲಿ ಮಾಡಿಸಬೇಕು, ಪರಿವಾಹನ್ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕಬಹುದು, ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ ಎರಡು ಚಕ್ರದ ವಾಹನಕ್ಕೆ ಸೀಲ್ ಬಿದ್ದಿದೆಯಾ ನೋಡಿಕೊಳ್ಳಿ. ಕಾರಿಗೆ ಮಾತ್ರ ಇದ್ದರೆ ಸ್ಕೂಟರ್‌ಗೆ ಅದು ಬರೀ ಕಾಗದ.

ಪೊಲೀಸರು ಹಿಡಿದರೆ ದಂಡ ಕಟ್ಟಿ ಬರಬಹುದು, ದೊಡ್ಡ ವಿಷಯ ಅದಲ್ಲ. ಬಿದ್ದು ಆಸ್ಪತ್ರೆ ಸೇರಿದರೆ, ಸರಿಯಾದ ಪರ್ಮಿಟ್ ಇರಲಿಲ್ಲ ಅಂತ ಟ್ರಾವೆಲ್ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಆಮೇಲೆ ಲಕ್ಷಗಳ ಮಾತು. ಹೆಲ್ಮೆಟ್ ಇಲ್ಲದಿದ್ದರೆ ದಂಡ 2,000 ಬಾತ್ ತನಕ ಹಾಕಬಹುದು, ಹಿಂದೆ ಕೂತವರಿಗೂ ಕಡ್ಡಾಯ.

ನನ್ನ ಕಥೆಯೂ ಕೇಳಿ. ಒಂದು ಅಂಗಡಿಯಲ್ಲಿ ಗಾಡಿ ತಗೊಂಡೆ, ಅವಸರದಲ್ಲಿ ಸುತ್ತ ನೋಡಲಿಲ್ಲ. ವಾಪಸ್ ಕೊಡುವಾಗ ಸೈಲೆನ್ಸರ್ ಕೆಳಗಿನ ಗೀರು ತೋರಿಸಿ 1,500 ಬಾತ್ ಅಂದರು. ಆ ಗೀರಿನೊಳಗೆ ತುಕ್ಕು ಹಿಡಿದಿತ್ತು. ಎರಡು ದಿನದ ಗೀರಿಗೆ ತುಕ್ಕು ಹಿಡಿಯುತ್ತಾ ಸ್ವಾಮಿ? ವಾದ ಮಾಡಿ 500ಕ್ಕೆ ಇಳಿಸಿ ಕೊಟ್ಟು ಬಂದೆ. ಮುಂದಿನ ಸಲ ಕೀಲಿ ತಗೊಳ್ಳುವ ಮೊದಲೇ ಅಂಗಡಿಯವರ ಎದುರಿಗೇ ಗಾಡಿಯ ಸುತ್ತ ಒಂದು ವಿಡಿಯೊ ಮಾಡಿದೆ. ಏನೂ ಕೇಳಲಿಲ್ಲ. ಇನ್ನೊಂದು, ಅಡವಿಗೆ ಪಾಸ್‌ಪೋರ್ಟ್ ಇಡಿ ಅಂದರೆ ಆ ಅಂಗಡಿಯೇ ಬೇಡ. ಡಿಪಾಸಿಟ್ ದುಡ್ಡು ಮತ್ತು ಪಾಸ್‌ಪೋರ್ಟ್ ಜೆರಾಕ್ಸ್‌ಗೆ ಒಪ್ಪುವವರು ಬೇಕಾದಷ್ಟು ಸಿಗುತ್ತಾರೆ.

ಓಡಿಸೋದು ಕಷ್ಟನಾ?

ಎಡಬದಿಯಲ್ಲೇ ಓಡಿಸುವುದು, ನಮ್ಮ ಹಾಗೆ. ಅದೊಂದು ಪುಣ್ಯ. ಹಾರ್ನ್ ಹೊಡೆಯುವವರು ತುಂಬಾ ಕಡಿಮೆ, ನೀವೂ ಕೈ ಕಟ್ಟಿಹಾಕಿಕೊಳ್ಳಿ. ದೊಡ್ಡ ರಸ್ತೆಗಳಲ್ಲಿ ನಡುವೆ ಉದ್ದಕ್ಕೆ ಡಿವೈಡರ್, ಬಲಕ್ಕೆ ಹೋಗಬೇಕಾದರೆ ಒಂದು ಕಿಲೋಮೀಟರ್ ಮುಂದೆ ಹೋಗಿ ಯೂ ಟರ್ನ್ ಹೊಡೆದು ಬರಬೇಕು. ಆ ಯೂ ಟರ್ನ್ ಜಾಗದಲ್ಲೇ ಅಪಾಯ, ವೇಗದ ಲೇನ್‌ಗೆ ನೇರ ಬಂದು ಸೇರುತ್ತೀರಿ. ಎದುರಿನವರು ಲೈಟ್ ಮಿಣುಕಿಸಿದರೆ "ನಾನು ಬರ್ತಿದ್ದೀನಿ, ಅಲ್ಲೇ ಇರು" ಅಂತ ಅರ್ಥ. ಇದನ್ನೂ ನಿಮಗೆ ಕಲಿಸಬೇಕಾಗಿಲ್ಲ. ಪೆಟ್ರೋಲ್ ಬಂಕಿನಲ್ಲಿ "ತೆಮ್ ಥಾಂಗ್" ಅಂದರೆ ಫುಲ್ ಟ್ಯಾಂಕ್.

ಊರಲ್ಲಿ ಸ್ಕೂಟರೇ ಓಡಿಸದವರು ಅಲ್ಲಿ ಹೋಗಿ ಕಲಿಯಬೇಡಿ, ದಯವಿಟ್ಟು. ಕೈಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಕೆಫೆಯಲ್ಲಿ ಕೂತ ವಿದೇಶಿಯರನ್ನು ದಿನಕ್ಕೊಬ್ಬರಂತೆ ನೋಡಿದ್ದೇನೆ.

ದೊಯ್ ಸುಥೇಪ್ ಬೆಟ್ಟಕ್ಕೆ ಹೇಗೆ ಹೋಗೋದು?

ಊರಿನಿಂದ ಸುಮಾರು 15 ಕಿಲೋಮೀಟರ್, ಕೊನೆಯಲ್ಲೆಲ್ಲ ತಿರುವು. ಹುಯೆ ಕೇವ್ ರಸ್ತೆಯಲ್ಲಿ ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಎದುರು ಮತ್ತು ಮೃಗಾಲಯದ ಹತ್ತಿರ ಕೆಂಪು ಗಾಡಿಗಳು ಸಾಲಾಗಿ ನಿಂತಿರುತ್ತವೆ. ತಲೆಗೆ ಎಷ್ಟು ಅಂತ ಬೋರ್ಡ್ ಹಾಕಿರುತ್ತಾರೆ, ಗಾಡಿ ತುಂಬುವ ತನಕ ಹೊರಡುವುದಿಲ್ಲ. ಬೆಳಿಗ್ಗೆ ಬೇಗ ತುಂಬುತ್ತದೆ, ಮಧ್ಯಾಹ್ನ ಕಾಯಬೇಕು. ಅಡ್ಡಡ್ಡ ಕೂತು ತಿರುವು ಹತ್ತುವಾಗ ಹೊಟ್ಟೆ ತೊಳೆಸುವವರಿಗೆ ಕಷ್ಟ. ಹಿಂದಿನ ತುದಿಯಲ್ಲಿ ಕೂತರೆ ಗಾಳಿ ಸಿಗುತ್ತದೆ, ಹೊಗೆಯೂ ಸಿಗುತ್ತದೆ. ಮೇಲೆ ಇಳಿದ ಮೇಲೆ ದೇವಸ್ಥಾನಕ್ಕೆ ಮುನ್ನೂರಕ್ಕೂ ಹೆಚ್ಚು ಮೆಟ್ಟಿಲು, ಎರಡೂ ಕಡೆ ಉದ್ದಕ್ಕೆ ನಾಗರ ಮೈ. ಮೆಟ್ಟಿಲು ಆಗದವರಿಗೆ ಪಕ್ಕದಲ್ಲೇ ಲಿಫ್ಟಿನಂಥ ಟ್ರಾಮ್ ಇದೆ. ಕಾಲಲ್ಲಿ ಶಕ್ತಿ ಇದ್ದವರು ವಿಶ್ವವಿದ್ಯಾಲಯದ ಹಿಂದಿನಿಂದ ಕಾಡಿನ ದಾರಿಯಲ್ಲಿ ವಾಟ್ ಫಾ ಲಾಟ್ ಅನ್ನುವ ದೇವಸ್ಥಾನದ ತನಕ ಹತ್ತಬಹುದು, ನನಗೆ ಮೇಲಿನ ದೊಡ್ಡ ದೇವಸ್ಥಾನಕ್ಕಿಂತ ಇದೇ ಹಿಡಿಸಿತು.

ಬೇರೆ ಬಣ್ಣದ ಗಾಡಿಗಳೂ ಕಾಣ್ತವಲ್ಲ?

ಅವು ಊರಾಚೆಗೆ ಹೋಗುವವು, ಅವಕ್ಕೆ ಖಾಯಂ ರೂಟು ಇದೆ. ಹಳದಿ ಬಣ್ಣದವು ಮೇ ರಿಮ್ ಕಡೆಗೆ, ಬಿಳಿ ಸಾನ್ ಕಾಂಪೇಂಗ್ ಕಡೆಗೆ, ನೀಲಿ ಲಾಂಪೂನ್‌ಗೆ. ಹೆಚ್ಚಿನವು ವಾರೊರೋಟ್ ಮಾರ್ಕೆಟ್ ಸುತ್ತಮುತ್ತ ಸಿಗುತ್ತವೆ. ದೊಯ್ ಇಂಥಾನೊನ್‌ಗೆ, ಅದೇ 2,565 ಮೀಟರ್ ಎತ್ತರದ, ಥಾಯ್ಲೆಂಡ್‌ನ ಅತಿ ಎತ್ತರದ ಶಿಖರಕ್ಕೆ, ಗಾಡಿ ಬದಲಾಯಿಸುತ್ತಾ ಹೋಗಬಹುದು. ಆದರೆ ಇಡೀ ದಿನ ದಾರಿಯಲ್ಲೇ ಹೋಗುತ್ತದೆ. ಅದಕ್ಕೆ ಟೂರೇ ಸರಿ.

ನೀಲಿ ಗಾಡಿಯನ್ನು ಮಾತ್ರ ತಪ್ಪಿಸಬೇಡಿ. ಲಾಂಪೂನ್‌ಗೆ ಹೋಗುವ ಹಳೇ ರಸ್ತೆಯ ಎರಡೂ ಬದಿ ಆಕಾಶ ಮುಟ್ಟುವ ಯಾಂಗ್ ಮರಗಳು, ಒಂದೊಂದಕ್ಕೂ ಭಿಕ್ಕುಗಳ ಕಾವಿ ಬಟ್ಟೆ ಸುತ್ತಿರುತ್ತಾರೆ, ಯಾರೂ ಕಡಿಯದಿರಲಿ ಅಂತ. ರಸ್ತೆ ಅಗಲ ಮಾಡಲು ಸಾಲುಮರ ಉರುಳಿಸಿದ್ದನ್ನು ನೋಡುತ್ತಾ ಬೆಳೆದವನಿಗೆ ಆ ಅರ್ಧ ಗಂಟೆ ಗಂಟಲು ಕಟ್ಟಿದ ಹಾಗಾಯಿತು.

ಅಪ್ಪ ಅಮ್ಮನ ಜೊತೆ ಹೋಗ್ತಿದ್ದೀವಿ, ಮಂಡಿ ನೋವು ಇದೆ.

ಕೆಂಪು ಗಾಡಿ ಬೇಡ. ಹಿಂದಿನ ಮೆಟ್ಟಿಲು ಎತ್ತರ, ಛಾವಣಿ ತಗ್ಗು, ಬಗ್ಗಿಕೊಂಡು ಹತ್ತಬೇಕು. ಗ್ರಾಬ್ ಕಾರು ಮಾಡಿ. ಟುಕ್ ಟುಕ್, ಅಂದರೆ ಅಲ್ಲಿನ ಆಟೊ, ಹತ್ತಲು ಸುಲಭ, ಆದರೆ ಹತ್ತಿರಕ್ಕೂ 100 ಬಾತ್ ಮೇಲೆಯೇ ಶುರು. ಎರಡು ದಿನ ಊರಾಚೆ ಸುತ್ತುವುದಿದ್ದರೆ ಡ್ರೈವರ್ ಸಮೇತ ಕಾರನ್ನು ದಿನದ ಲೆಕ್ಕದಲ್ಲಿ ಮಾತಾಡಿ, ನಾಲ್ಕು ಜನಕ್ಕೆ ಹಂಚಿದರೆ ಭಾರವಾಗುವುದಿಲ್ಲ.

ಏರ್‌ಪೋರ್ಟ್, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್?

ಏರ್‌ಪೋರ್ಟ್ ಊರಿಗೆ ಅಂಟಿಕೊಂಡೇ ಇದೆ, ನಾಲ್ಕೇ ಕಿಲೋಮೀಟರ್. ಕೌಂಟರ್ ಟ್ಯಾಕ್ಸಿ 150 ಬಾತ್‌ನಿಂದ. ರೈಲ್ವೆ ಸ್ಟೇಷನ್ ಪಿಂಗ್ ನದಿಯ ಆಚೆ, ಬ್ಯಾಂಕಾಕ್‌ನಿಂದ ಸುಮಾರು 750 ಕಿಲೋಮೀಟರ್ ರಾತ್ರಿಯಿಡೀ ಬಂದ ರೈಲು ಬೆಳಿಗ್ಗೆ ಇಳಿಸುತ್ತದೆ, ಹೊರಗೆ ಕೆಂಪು ಗಾಡಿಗಳು ಕಾದಿರುತ್ತವೆ. ದೂರದ ಬಸ್ಸು, ಚಿಯಾಂಗ್ ರಾಯ್‌ಗೆ, ಪಾಯ್ ಅನ್ನುವ ಊರಿಗೆ ಎಲ್ಲ ಆರ್ಕೇಡ್ ಬಸ್ ಸ್ಟ್ಯಾಂಡ್‌ನಿಂದ. ಪಾಯ್ ದಾರಿಯಲ್ಲಿ 762 ತಿರುವು ಅಂತ ಟೀ ಶರ್ಟ್ ಮೇಲೆಲ್ಲ ಅಚ್ಚು ಹಾಕಿ ಮಾರುತ್ತಾರೆ. ಖಾಲಿ ಹೊಟ್ಟೆಯಲ್ಲೂ ಹತ್ತಬೇಡಿ, ತುಂಬಿದ ಹೊಟ್ಟೆಯಲ್ಲೂ ಹತ್ತಬೇಡಿ.

ರಾತ್ರಿ ತಡವಾದರೆ? ಏನಾದರೂ ಆದರೆ?

ಹತ್ತು ಗಂಟೆ ಮೇಲೆ ಕೆಂಪು ಗಾಡಿ ಕಡಿಮೆಯಾಗುತ್ತವೆ, ಇರುವವು ಮಾವ್ ರೇಟು ಹೇಳುತ್ತವೆ. ಆ್ಯಪ್ ಬಳಸಿ. ಭಾನುವಾರ ಸಂಜೆ ಸಂತೆಗಾಗಿ ಥಾ ಪೇ ಗೇಟ್‌ನಿಂದ ಒಳಕ್ಕೆ ರಾಚಡಮ್ನೆನ್ ರಸ್ತೆ ಬಂದ್, ಶನಿವಾರ ಹಾಗೇ ವುವಾಲಾಯ್ ರಸ್ತೆ. ನಿಮ್ಮ ಹೋಟೆಲ್ ಅಲ್ಲೇ ಇದ್ದರೆ ಸೂಟ್‌ಕೇಸ್ ಎಳೆದುಕೊಂಡು ಜನರ ಮಧ್ಯೆ ನುಗ್ಗಬೇಕಾಗುತ್ತದೆ, ಆ ಹೊತ್ತಿಗೆ ಚೆಕ್ ಇನ್ ಇಟ್ಟುಕೊಳ್ಳಬೇಡಿ. ಟೂರಿಸ್ಟ್ ಪೊಲೀಸ್ ನಂಬರ್ 1155, ಇಂಗ್ಲಿಷ್‌ನಲ್ಲಿ ಮಾತಾಡಬಹುದು. ಆಂಬುಲೆನ್ಸ್ 1669. ಹೋಟೆಲ್ ಹೆಸರನ್ನು ಥಾಯ್ ಅಕ್ಷರದಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ವಯಸ್ಸಾದ ಡ್ರೈವರ್‌ಗಳಿಗೆ ಇಂಗ್ಲಿಷ್ ಮ್ಯಾಪ್ ತೋರಿಸಿದರೆ ಕನ್ನಡಕ ಮೇಲೆ ಕೆಳಗೆ ಮಾಡುತ್ತಾರೆ ಅಷ್ಟೇ.

ಏಪ್ರಿಲ್‌ನಲ್ಲಿ ಸೊಂಗ್‌ಕ್ರಾನ್ ನೋಡೋಕೆ ಹೋದರೆ ಓಡಾಟ ಹೇಗೆ?

ಓಡಾಟ ಇಲ್ಲ. ಸೊಂಗ್‌ಕ್ರಾನ್ ಅಂದರೆ ಥಾಯ್ ಹೊಸ ವರ್ಷದ ಹಬ್ಬ. ಏಪ್ರಿಲ್ 13ರಿಂದ 15ರ ತನಕ, ಎಷ್ಟೋ ಸಲ ಅದರ ಹಿಂದೆ ಮುಂದೆಯೂ, ಕಂದಕದ ಸುತ್ತ ಇಡೀ ಊರು ನಿಂತು ನೀರು ಎರಚುತ್ತದೆ, ಗಾಡಿಗಳು ಆಮೆಯಂತೆ ತೆವಳುತ್ತವೆ. ಸಾಮಾನು ಹೊತ್ತು ಬರುವವರು ಆ ದಿನಗಳಿಗೆ ಒಂದು ದಿನ ಮೊದಲೇ ರೂಮು ಸೇರಿಕೊಳ್ಳಿ. ಕೆಂಪು ಗಾಡಿಗೆ ಹಿಂದೆ ಬಾಗಿಲೇ ಇಲ್ಲ, ಬಕೆಟ್ ಹಿಡಿದವರಿಗೆ ಅದಕ್ಕಿಂತ ಒಳ್ಳೆ ಗುರಿ ಇನ್ನೊಂದಿಲ್ಲ, ಅದೂ ಐಸ್ ನೀರು. ಫೋನು, ಪಾಸ್‌ಪೋರ್ಟ್ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಗಂಟು ಹಾಕಿ. ಬಾಡಿಗೆಗೆ 20 ಬಾತ್ ನೋಟುಗಳನ್ನೇ ಇಟ್ಟುಕೊಳ್ಳಿ. 2022ರಿಂದ ಆ ನೋಟನ್ನು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕುತ್ತಿದ್ದಾರೆ, ಒದ್ದೆ ಜೇಬಿನಿಂದ ತೆಗೆದು ಒಂದು ಸಲ ಕೊಡವಿ ಕೊಟ್ಟರೆ ಆಯಿತು.